ಕಾರವಾರದಲ್ಲಿ ರೂಪದರ್ಶಿಯೊಂದಿಗೆ ಗುಂಪು ಫೋಟೋ ಶೂಟ್: ಮೂರು ಸಾವಿರ ಕೊಟ್ಟು ಹೋಗಲೇ?

ಕುಮಟೆಯ ಗುಮಾಸ್ತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕುಮಟೆಯವನು, ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಎರಡು ವರ್ಷಗಳ ಹಿಂದೆ ಪರಿಚಯದವರಿಂದ ಹಳೆಯ ನಿಕಾನ್ ಡಿ5600 ಕ್ಯಾಮೆರಾ ಕೊಂಡೆ. ಅದರ ಜೊತೆ ಬಂದ 18-55 ಲೆನ್ಸ್ ಇತ್ತು. ಹೋದ ವರ್ಷದ ದೀಪಾವಳಿಗೆ 50 ಎಂಎಂ ಎಫ್ 1.8 ಲೆನ್ಸ್ ಒಂದನ್ನು ತೆಗೆದುಕೊಂಡೆ. ಇಷ್ಟು ದಿನ ನಾನು ತೆಗೆದದ್ದೆಲ್ಲ ಅಘನಾಶಿನಿ ಅಳಿವೆಯ ದೋಣಿಗಳು, ಇಳಿತದ ಹೊತ್ತಿನಲ್ಲಿ ಬಳಚು ಆರಿಸುವವರ ದೂರದ ನೋಟ, ಗಜನಿ ಗದ್ದೆಯ ಕೊಕ್ಕರೆಗಳು. ದೂರ ನಿಂತು ತೆಗೆಯುವುದು ಕೈಗೆ ಒಗ್ಗಿದೆ. ಮನುಷ್ಯರ ಮುಖ ಎಂದರೆ ಕೈ ಹಿಂಜರಿಯುತ್ತದೆ.

ಕಳೆದ ತಿಂಗಳು ಗೆಳೆಯನ ನಿಶ್ಚಿತಾರ್ಥವಿತ್ತು. ಹುಡುಗಿಯನ್ನು ತುಳಸಿಕಟ್ಟೆಯ ಪಕ್ಕ ನಿಲ್ಲಿಸಿ ಇಪ್ಪತ್ತು ಫೋಟೋ ತೆಗೆದೆ. ಇಪ್ಪತ್ತರಲ್ಲೂ ಆಕೆ ಗುರುತಿನ ಚೀಟಿಯ ಫೋಟೋಗೆ ನಿಂತವರ ಹಾಗೆ ಮೈ ಬಿಗಿದುಕೊಂಡಿದ್ದಾಳೆ. "ಸ್ವಲ್ಪ ನಗಿ" ಎನ್ನುವುದನ್ನು ಬಿಟ್ಟರೆ ನನಗೆ ಬೇರೆ ಮಾತು ಹೊಳೆಯಲಿಲ್ಲ. ಫೋಟೋಗಳನ್ನು ಗೆಳೆಯನ ಕೈಗೆ ಕೊಡುವಾಗ, ಕೊರತೆ ಇರುವುದು ಆಕೆಯಲ್ಲಲ್ಲ, ನನ್ನಲ್ಲಿ ಎಂದು ಅರ್ಥವಾಯಿತು. ಅಂದಿನಿಂದ ಇದು ಮನಸ್ಸಿನಲ್ಲಿ ಕೊರೆಯುತ್ತಿದೆ.

ಈಗ ಒಂದು ಜಾಹೀರಾತು ಕಣ್ಣಿಗೆ ಬಿದ್ದಿದೆ. ಡಿಸೆಂಬರ್‌ನ ಎರಡನೆಯ ಭಾನುವಾರ, ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ, ಕಾರವಾರದ ಟ್ಯಾಗೋರ್ ಕಡಲತೀರ ಮತ್ತು ಕೋಡಿಬಾಗದ ಕಾಳಿ ದಡದಲ್ಲಿ ಗುಂಪು ಶೂಟ್. ಗೋವಾದಿಂದ ರೂಪದರ್ಶಿಯೊಬ್ಬರು ಬರುತ್ತಾರೆ. ಮೇಕಪ್‌ನವರು, ಎರಡು ಬಗೆಯ ಉಡುಪು, ಒಂದು ಸ್ಟುಡಿಯೋ ಫ್ಲ್ಯಾಷ್ ಎಲ್ಲವೂ ಇರುತ್ತದೆ. ಹದಿನಾಲ್ಕು ಜನರಿಗೆ ಅವಕಾಶ, ತಲೆಗೆ 3,000 ರೂಪಾಯಿ. ಫೋಟೋಗಳನ್ನು ಸ್ಪರ್ಧೆಗೂ ಕಳುಹಿಸಬಹುದಂತೆ.

ಮೂರು ಸಾವಿರ ನನ್ನ ಸಂಬಳದಲ್ಲಿ ಸಣ್ಣ ಮೊತ್ತವಲ್ಲ. ಹೋದರೆ ಮುಖ ತೆಗೆಯುವುದನ್ನು ಕಲಿಯುತ್ತೇನೆಯೇ? ಅಲ್ಲಿ ತೆಗೆದ ಫೋಟೋ ನಿಜಕ್ಕೂ ನನ್ನದಾಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕೋಡಿಬಾಗ ನಿವಾಸಿ

ನಾನು ಹೋಗಿ ಎನ್ನುವವರ ಕಡೆಯವನು. ಸ್ಟುಡಿಯೋ ಫ್ಲ್ಯಾಷ್ ಎಂಬುದನ್ನು ನಾನು ಮೊದಲು ಮುಟ್ಟಿದ್ದೇ ಇಂತಹ ಒಂದು ಶೂಟ್‌ನಲ್ಲಿ. ಹಾರವಾಡದ, ಮಾಜಾಳಿಯ, ಮಡಗಾಂವದ ಗೆಳೆಯರು ಸಿಕ್ಕಿದ್ದೂ ಅಲ್ಲಿಯೇ. ಇಂದಿಗೂ ನಮಗೊಂದು ಲೆನ್ಸ್ ಬೇಕಾದರೆ ಪರಸ್ಪರ ಕೇಳಿ ಪಡೆಯುತ್ತೇವೆ. ಊರಿನಲ್ಲಿ ಒಬ್ಬನೇ ಕ್ಯಾಮೆರಾ ಹಿಡಿದು ತಿರುಗುವವನಿಗೆ ಅದೂ ಒಂದು ದೊಡ್ಡ ಲಾಭ.

ಆದರೆ ಈ ಜಾಹೀರಾತಿನ ಬಗ್ಗೆ ಎರಡು ಮಾತು. ಅದನ್ನು ನಾನೂ ನೋಡಿದ್ದೇನೆ. ಮಾದರಿಯಾಗಿ ಹಾಕಿರುವ ಚಿತ್ರದಲ್ಲಿ ರೂಪದರ್ಶಿಯ ಹಿಂದೆ ಕಾಳಿ ನದಿಯ ಹಳೆಯ ಸೇತುವೆ ಕಾಣುತ್ತದೆ. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು. ಅಂದರೆ ಆ ಚಿತ್ರ ಅದಕ್ಕೂ ಮೊದಲಿನದು. ಇತ್ತೀಚೆಗೆ ಏನು ಮಾಡಿದ್ದಾರೆ, ತೋರಿಸಲು ಹೇಳಿ.

ಎರಡನೆಯದು ಹೊತ್ತು. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರರ ಮೇಲೆ ಸಮುದ್ರವನ್ನು ಹಿನ್ನೆಲೆಯಾಗಿ ಇಟ್ಟುಕೊಂಡರೆ ಸೂರ್ಯ ರೂಪದರ್ಶಿಯ ಬೆನ್ನ ಹಿಂದೆ ಇರುತ್ತಾನೆ, ಮುಖ ಕಪ್ಪಾಗುತ್ತದೆ. ಅವರನ್ನು ಸಮುದ್ರದ ಕಡೆ ತಿರುಗಿಸಿದರೆ ಕಣ್ಣು ಕಿರಿದಾಗುತ್ತದೆ, ಹಿನ್ನೆಲೆಗೆ ಹೆದ್ದಾರಿ, ಭಾನುವಾರದ ಜನ, ಚುರುಮುರಿ ಗಾಡಿ ಬರುತ್ತವೆ. ಬೆಳಿಗ್ಗೆಯಾದರೆ ಲೆಕ್ಕ ತಿರುವುಮುರುವು. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯೋದಯ ಏಳಕ್ಕೆ ಕೆಲವು ನಿಮಿಷ ಮೊದಲು. ಆದರೆ ಮೂಡಣದ ಗುಡ್ಡ ದಾಟಿ ಬಿಸಿಲು ಮರಳಿಗೆ ಇಳಿಯಲು ಇನ್ನೂ ಹೊತ್ತು ಹಿಡಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತವರ ಮುಖದ ಮೇಲೆ ಬೀಳುವ ಬೆಳಕು ಹಾಲಿನಂತೆ ಇರುತ್ತದೆ, ಯಾವ ಫ್ಲ್ಯಾಷೂ ಬೇಡ. ಇಳಿತ ಇದ್ದರೆ ಒದ್ದೆ ಮರಳೇ ಕೆಳಗಿನಿಂದ ಬೆಳಕು ಎತ್ತಿಕೊಡುತ್ತದೆ. ಸಂಜೆ ಇಡುವುದು ಸೂರ್ಯಾಸ್ತದ ಆಸೆಗೆ. ಮುಖ ಕಲಿಯಬೇಕಾದವರಿಗೆ ಸೂರ್ಯಾಸ್ತ ಬೇಕಾಗಿಲ್ಲ.

ಹೋಗುವುದಾದರೆ ಯಾರೂ ಡ್ರೋನ್ ತರದಂತೆ ಹೇಳಿ. ಅರ್ಗಾದಲ್ಲಿ ನೌಕಾನೆಲೆ ಇದೆ, ಅನುಮತಿಯಿಲ್ಲದೆ ಹಾರಿಸಿದರೆ ಇಡೀ ಗುಂಪು ಠಾಣೆ ಹತ್ತಬೇಕಾಗುತ್ತದೆ.

ಶಿರಸಿ ಸ್ಟುಡಿಯೋ

ತಮ್ಮಾ, ನಿಮ್ಮ ತುಳಸಿಕಟ್ಟೆಯ ಇಪ್ಪತ್ತು ಫೋಟೋಗಳ ಮಾತು ಓದಿ ಉತ್ತರಿಸದೆ ಇರಲಾಗಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಮದುವೆ, ಉಪನಯನ, ಯಕ್ಷಗಾನದ ಫೋಟೋ ತೆಗೆದು ಬದುಕುತ್ತಿದ್ದೇನೆ. ಗುಂಪು ಶೂಟ್‌ಗಳಿಗೆ ಮೂರು ಬಾರಿ ಹಣ ಕೊಟ್ಟಿದ್ದೇನೆ: 2017ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಗೋಕರ್ಣದಲ್ಲಿ, ಆಮೇಲೊಮ್ಮೆ ಸೋಂದೆಯ ಹತ್ತಿರ.

ಬೆಂಗಳೂರಿನದನ್ನು ಮೊದಲು ಹೇಳುತ್ತೇನೆ. ನಾವು ಹನ್ನೊಂದು ಜನ. ರಾತ್ರಿ ಬಸ್ಸಿನಲ್ಲಿ ಹೋಗಿ, ಹಗಲೆಲ್ಲ ಫೋಟೋ ತೆಗೆದು, ಮತ್ತೆ ರಾತ್ರಿ ಬಸ್ಸಿನಲ್ಲಿ ಶಿರಸಿಗೆ ಬಂದೆ. ಮನೆಗೆ ಬಂದು ಕಂಪ್ಯೂಟರ್ ತೆರೆದಾಗ ಸಂತೋಷವೋ ಸಂತೋಷ. ಅಷ್ಟು ಸ್ವಚ್ಛವಾದ ಮುಖಚಿತ್ರ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಅತ್ಯುತ್ತಮ ಎನಿಸಿದ ಒಂದನ್ನು ಆರಿಸಿ ದೊಡ್ಡದು ಮಾಡುತ್ತಾ ಹೋದೆ. ಹುಬ್ಬಿನ ಕೂದಲು ಒಂದೊಂದೂ ಎಣಿಸುವ ಹಾಗಿತ್ತು. ಇನ್ನೂ ದೊಡ್ಡದು ಮಾಡಿದಾಗ ಕಣ್ಣಿನ ಕಪ್ಪಿನ ಮೇಲ್ಭಾಗದಲ್ಲಿ, ಫ್ಲ್ಯಾಷ್ ಬೆಳಕನ್ನು ಮೆದುವಾಗಿಸುವ ಸಾಫ್ಟ್‌ಬಾಕ್ಸಿನ ಬಿಳಿಯ ಚೌಕ ಕಂಡಿತು. ಅದರ ಕೆಳಗೆ, ಎಳ್ಳುಕಾಳಿನ ಗಾತ್ರದಲ್ಲಿ, ಸಾಲಾಗಿ ನಿಂತ ಮನುಷ್ಯರು. ಮೊಣಕೈ ಎತ್ತಿ ಮುಖಕ್ಕೆ ಕ್ಯಾಮೆರಾ ಹಿಡಿದವರು. ಎಣಿಸಿದೆ, ಒಂಬತ್ತು ಜನ ಸಿಕ್ಕರು. ಅವರಲ್ಲಿ ನಾನು ಯಾರು ಎಂದು ಗುರುತಿಸಲು ಆಗಲಿಲ್ಲ.

ಆ ಚಿತ್ರವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಅಂದು ನಾನು ತೆಗೆದದ್ದು 412 ಚಿತ್ರಗಳು. ಅವುಗಳಲ್ಲಿ ಆಕೆಯ ಕಣ್ಣು ನನ್ನ ಲೆನ್ಸಿನ ಕಡೆ ಇದ್ದದ್ದು 37ರಲ್ಲಿ. ಉಳಿದವುಗಳಲ್ಲಿ ಆಕೆ ನನ್ನ ಪಕ್ಕದವನನ್ನೋ ಅವನಾಚೆಯವನನ್ನೋ ನೋಡುತ್ತಿದ್ದಾಳೆ. ಎಲ್ಲರೂ "ಇಲ್ಲಿ, ಇಲ್ಲಿ" ಎನ್ನುತ್ತಿದ್ದರೆ ಪಾಪ, ಯಾರ ಕಡೆ ನೋಡಿಯಾಳು? ನಾಲ್ಕು ತಿಂಗಳ ಮೇಲೆ ಒಂದು ಸ್ಪರ್ಧೆಯ ಪ್ರದರ್ಶನಕ್ಕೆ ಹೋದಾಗ ಅದೇ ಮುಖ, ಅದೇ ಕೆಂಪು ಶಾಲು, ಅದೇ ಸಾಫ್ಟ್‌ಬಾಕ್ಸ್ ಚೌಕ ಮೂರು ಬೇರೆ ಬೇರೆ ಹೆಸರುಗಳ ಕೆಳಗೆ ತೂಗುತ್ತಿದ್ದವು. ನಾನೂ ಕಳುಹಿಸಿದ್ದರೆ ನಾಲ್ಕಾಗುತ್ತಿತ್ತು. ಯಾರೂ ಯಾರದ್ದನ್ನೂ ಕದ್ದಿರಲಿಲ್ಲ. ಬೆಳಕನ್ನು ಇಟ್ಟವನು ಆಯೋಜಕ, ಬಟ್ಟೆ ಆರಿಸಿದ್ದು ಮೇಕಪ್‌ನವರು, ಭಂಗಿ ಆಕೆಗೆ ಅಭ್ಯಾಸವಾದದ್ದು. ಒತ್ತಿದ ಬೆರಳು ಮಾತ್ರ ನಮ್ಮದು.

ಈಗ ನಿಮ್ಮ ಕಾರವಾರದ ಲೆಕ್ಕ ಹಾಕೋಣ. ಮೂರು ಗಂಟೆ ಎಂದರೆ 180 ನಿಮಿಷ. ಉಡುಪು ಬದಲಿಸಿ, ಕೂದಲು ಸರಿಪಡಿಸಿಕೊಳ್ಳಲು ಅರ್ಧ ಗಂಟೆ. ಟ್ಯಾಗೋರ್ ತೀರದಿಂದ ಕೋಡಿಬಾಗಕ್ಕೆ ಹದಿನಾಲ್ಕು ಜನ ಸಾಮಾನು ಸಮೇತ ಹೋಗಿ ಮತ್ತೆ ದೀಪ ನಿಲ್ಲಿಸಲು ಇನ್ನೊಂದು ಅರ್ಧ ಗಂಟೆ. ಉಳಿದದ್ದು 120. ತಲೆಗೆ ಎಂಟೂವರೆ ನಿಮಿಷ. ಫ್ಲ್ಯಾಷ್ ಒಂದೇ, ಕ್ಯಾಮೆರಾದಿಂದ ಅದನ್ನು ಹೊಡೆಸುವ ಟ್ರಿಗರ್ ಒಂದೇ ಇದ್ದರೆ ಅದು ಕೈಯಿಂದ ಕೈಗೆ ದಾಟಬೇಕು. ನಿಮ್ಮ ಪಾಳಿ ಬಂದಾಗ ಬಿಸಿಲು ಎಲ್ಲಿರುತ್ತದೋ ಅದೇ ನಿಮ್ಮ ಪಾಲು.

ನಿಮ್ಮ ಕ್ಯಾಮೆರಾದ ಒಂದು ಮಿತಿ ಇಲ್ಲಿ ಅಡ್ಡ ಬರುತ್ತದೆ. ಡಿ5600ರಲ್ಲಿ ಫ್ಲ್ಯಾಷ್ ಜೊತೆ ಸೆಕೆಂಡಿನ 1/200ಕ್ಕಿಂತ ವೇಗವಾದ ಷಟರ್ ಇಡಲು ಆಗುವುದಿಲ್ಲ. ಹೈಸ್ಪೀಡ್ ಸಿಂಕ್ ಸೌಲಭ್ಯ ಅದರಲ್ಲಿ ಇಲ್ಲ. ನಾಲ್ಕು ಗಂಟೆಯ ಕಡಲ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ಇಟ್ಟರೂ ಲೆನ್ಸಿನ ದ್ವಾರವನ್ನು ಎಫ್ 8 ಅಥವಾ 11ಕ್ಕೆ ಕಿರಿದು ಮಾಡಬೇಕಾಗುತ್ತದೆ. ಆಸೆಪಟ್ಟು ಕೊಂಡ ಎಫ್ 1.8 ಲೆನ್ಸಿನ, ಹಿನ್ನೆಲೆಯನ್ನು ಮಸುಕಾಗಿಸುವ ಗುಣ ಅಲ್ಲಿ ಕೆಲಸಕ್ಕೆ ಬಾರದು, ಹಿಂದಿನ ಜನ, ಗಾಡಿ ಎಲ್ಲವೂ ಸ್ಪಷ್ಟವಾಗಿ ಮೂಡುತ್ತವೆ. ಎಂಟು ಪಟ್ಟು ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಹಾಕಿದರೆ ಎಫ್ 4ರ ಆಸುಪಾಸಿಗೆ ಬರಬಹುದು. ಆಯೋಜಕರ ಟ್ರಿಗರ್ ಕ್ಯಾನನ್‌ಗೆ ಮಾಡಿದ್ದೋ ನಿಕಾನ್‌ಗೋ ಕೇಳಿ. ಗೋಕರ್ಣದಲ್ಲಿ ಇದನ್ನು ಕೇಳದೆ ಹೋಗಿ ನನ್ನ ಪಾಳಿಯ ಅರ್ಧ ಭಾಗ ಕಳೆದುಕೊಂಡೆ.

ಮೂರನೆಯದು, ಸೋಂದೆಯದು, ಸಾರ್ಥಕವಾಯಿತು ಎಂದು ಎದೆ ಮುಟ್ಟಿ ಹೇಳುತ್ತೇನೆ. ನಾವು ನಾಲ್ಕೇ ಜನ. ರೂಪದರ್ಶಿ ಹುಬ್ಬಳ್ಳಿಯ ರಂಗಭೂಮಿಯ ಹುಡುಗಿ. ಒಬ್ಬರು ತೆಗೆಯುವಾಗ ಉಳಿದ ಮೂವರು ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ನೋಡಬೇಕು ಎಂಬ ಒಂದೇ ನಿಯಮ. ಮೊದಲ ಅರ್ಧ ಗಂಟೆ ಯಾರೂ ಕ್ಯಾಮೆರಾ ಚೀಲ ಬಿಚ್ಚಲಿಲ್ಲ, ಶಾಲ್ಮಲೆಯ ದಂಡೆಯಲ್ಲಿ ಕುಳಿತು ಆಕೆಯ ಜೊತೆ ಅವಲಕ್ಕಿ ತಿಂದೆವು. ಅಂದು ಅಡಿಕೆ ತೋಟದ ನೆರಳಿನಲ್ಲಿ ಚರ್ಮಕ್ಕೆ ಹಸಿರು ಹೇಗೆ ಅಂಟಿಕೊಳ್ಳುತ್ತದೆ, ಒಂದು ಬಿಳಿ ಪಂಚೆಯನ್ನು ಹಿಡಿದು ಅದನ್ನು ಹೇಗೆ ತೊಳೆಯಬಹುದು ಎಂಬುದನ್ನು ಕಣ್ಣಾರೆ ಕಲಿತೆ. ಬೇರೆಯವರು ತೆಗೆಯುವುದನ್ನು ನೋಡುವಾಗ ಕಲಿತದ್ದೇ ಹೆಚ್ಚು. ಒಬ್ಬರು ಮಾತನಾಡುತ್ತಲೇ ಇದ್ದರು, ಇನ್ನೊಬ್ಬರು ಒಂದು ಮಾತೂ ಆಡಲಿಲ್ಲ. ಇಬ್ಬರಿಗೂ ಒಳ್ಳೆಯ ಚಿತ್ರ ಸಿಕ್ಕಿತು. ನಾಲ್ಕು ಜನ ಮತ್ತು ಹದಿನಾಲ್ಕು ಜನ, ಈ ಎರಡಕ್ಕೂ ಗುಂಪು ಶೂಟ್ ಎಂಬ ಒಂದೇ ಹೆಸರು ಇರುವುದರಿಂದಲೇ ನಿಮ್ಮಂತಹವರು ಮೋಸಹೋಗುವುದು.

ನಿಮ್ಮ ಎರಡನೆಯ ಪ್ರಶ್ನೆಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವನೇ ಅದರ ಕರ್ತೃ. ಮದುವೆಯ ಫೋಟೋದಂತೆ ಇನ್ನೊಬ್ಬರು ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಒಡೆತನ ತೆಗೆಸಿದವರದು. ಗುಂಪು ಶೂಟ್‌ನಲ್ಲಿ ಹಣ ಕೊಡುವವರು ನೀವೇ, ತೆಗೆಯುವವರೂ ನೀವೇ. ಆದ್ದರಿಂದ ಹಕ್ಕು ನಿಮ್ಮದು. ಆದರೆ ಆ ಮುಖ ಆಕೆಯದು. ಅಂಗಡಿಯ ಫಲಕಕ್ಕೋ ಜಾಹೀರಾತಿಗೋ ಬಳಸಬೇಕಾದರೆ ಆಕೆಯ ಲಿಖಿತ ಒಪ್ಪಿಗೆ ಕೈಯಲ್ಲಿರಲಿ.

ಕುಮಟೆಯ ಗುಮಾಸ್ತ

ಶಿರಸಿ ಅಣ್ಣ, ಎಂಟೂವರೆ ನಿಮಿಷದ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ತುಂಬಾ ಉಪಕಾರವಾಯಿತು. ಆದರೆ ನನ್ನ ಅಸಲು ತೊಂದರೆ ಬೆಳಕಲ್ಲ, ಮಾತು. ಎದುರಿಗೆ ನಿಂತವರಿಗೆ ಏನು ಹೇಳಬೇಕು? ರೂಪದರ್ಶಿಗೆ ಅಭ್ಯಾಸ ಇರುವುದರಿಂದ ಅಲ್ಲಿ ಅದು ಸುಲಭವಾಗಿ ಸಿಗಬಹುದು ಎಂದುಕೊಂಡಿದ್ದೆ.

ಶರಾವತಿ ದಂಡೆ

ನಾನು ಹೊನ್ನಾವರದವಳು. ಮಂಗಳೂರಿನಲ್ಲಿ ಓದುತ್ತಿದ್ದಾಗ ಖರ್ಚಿಗಾಗಿ ಆರು ಗುಂಪು ಶೂಟ್‌ಗಳಲ್ಲಿ ರೂಪದರ್ಶಿಯಾಗಿ ನಿಂತಿದ್ದೇನೆ. ಕ್ಯಾಮೆರಾದ ಈ ಕಡೆಯಿಂದ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ.

ಅಭ್ಯಾಸವಿದ್ದವರಿಂದ ಮಾತು ಕಲಿಯಬಹುದು ಎಂದಿದ್ದೀರಿ. ಅಭ್ಯಾಸವಿದ್ದವರಿಗೆ ನಿಮ್ಮ ಮಾತೇ ಬೇಕಾಗುವುದಿಲ್ಲ. ನನಗೆ ಏಳೆಂಟು ಭಂಗಿಗಳು ಬಾಯಿಪಾಠವಾಗಿದ್ದವು. ಷಟರ್ ಸದ್ದು ನಿಂತ ಕೂಡಲೇ ಮುಂದಿನದಕ್ಕೆ ಹೋಗುತ್ತಿದ್ದೆ. ನೀವು ಬಾಯಿ ತೆರೆಯದೆಯೇ ನೂರು ಫೋಟೋ ತೆಗೆದು ಮನೆಗೆ ಹೋಗಬಹುದಿತ್ತು. ತುಳಸಿಕಟ್ಟೆಯ ಪಕ್ಕ ನಿಂತ ಆ ಹುಡುಗಿಗೆ ಏನು ಹೇಳಬೇಕೆಂಬುದು ನನ್ನಂತಹವರಿಂದ ನಿಮಗೆ ಸಿಗುತ್ತಿರಲಿಲ್ಲ.

ನಮ್ಮ ಕಡೆ ಹೇಗಿರುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಒಮ್ಮೆ ರೇಷ್ಮೆ ಸೀರೆ ಉಡಿಸಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿದ್ದರು. ಹದಿನೇಳು ಕ್ಯಾಮೆರಾ. ಪ್ರತಿ ಅಲೆ ಹಿಂದೆ ಸರಿದಾಗ ಪಾದದ ಕೆಳಗಿನ ಮರಳು ಜಾರಿ ಹಿಮ್ಮಡಿ ಒಂದಿಷ್ಟು ಹೂತುಹೋಗುತ್ತದೆ. ಸೀರೆ ನೀರು ಕುಡಿದು ಸೊಂಟಕ್ಕೆ ಜಗ್ಗುತ್ತದೆ. ನಗು ಮಾತ್ರ ಹಾಗೆಯೇ ಇರಬೇಕು. ಮುಕ್ಕಾಲು ಗಂಟೆ ಕಳೆದ ಮೇಲೆ ಕೆನ್ನೆಯ ಸ್ನಾಯು ತಾನಾಗಿಯೇ ಅದುರತೊಡಗಿತು. ದಡಕ್ಕೆ ಬಂದಾಗ ಒಬ್ಬರು ಕೇಳದೆಯೇ ಕೈ ಹಾಕಿ ನನ್ನ ಸೆರಗು ಸರಿಪಡಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಆಮೇಲೆ ಅಂದು ತೆಗೆದ ಯಾವ ಫೋಟೋದಲ್ಲೂ ನನ್ನ ಭುಜ ಸಡಿಲವಾಗಿಲ್ಲ. ಬಟ್ಟೆ ಬದಲಿಸಲು ಕೊಟ್ಟ ಜಾಗ ಕಾರಿನ ಹಿಂದಿನ ಸೀಟು. ಮನೆಗೆ ಬಂದು ಸೀರೆ ಒಣಹಾಕಿದರೆ ಅಂಚಿನಿಂದ ಒಂದು ಗೇಣು ಮೇಲೆ ಉಪ್ಪಿನ ಬಿಳಿಗೆರೆ ಮೂಡಿತ್ತು. ಎರಡು ಬಾರಿ ತೊಳೆಸಿದರೂ ಹೋಗಲಿಲ್ಲ. ಒಂದು ವರ್ಷದ ಮೇಲೆ ಆ ದಿನದ ಫೋಟೋ ಬೇರೆ ಊರಿನ ಬಟ್ಟೆ ಅಂಗಡಿಯೊಂದರ ಫಲಕದಲ್ಲಿದೆ ಎಂದು ಚಿಕ್ಕಮ್ಮ ಫೋನ್ ಮಾಡಿ ಹೇಳಿದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಆ ಆರು ಶೂಟ್‌ಗಳ ಒಂದೇ ಒಂದು ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ಅದನ್ನು ತೆಗೆದ ಹುಡುಗ ಮೊದಲು ಬಂದು ತನ್ನ ಹೆಸರು ಹೇಳಿದ. "ನಿಮಗೆ ನಿಮ್ಮ ಮುಖದ ಯಾವ ಬದಿ ಇಷ್ಟ?" ಎಂದು ಕೇಳಿದ. ಎರಡು ತೆಗೆದು ಕ್ಯಾಮೆರಾದ ಪರದೆಯಲ್ಲಿ ತೋರಿಸಿದ. ಉಳಿದವರು ಚಹಾಕ್ಕೆ ಹೋದಾಗ ನನ್ನ ಕೈಗೆ ಒಂದು ಕಪ್ಪೆಚಿಪ್ಪು ಕೊಟ್ಟು, ಒಳಗೆ ಮರಳು ಇದೆಯೇ ನೋಡಿ ಎಂದ. ನಾನು ನೋಡುತ್ತಿದ್ದಾಗ ತೆಗೆದ ಚಿತ್ರ ಅದು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಕೈಗೆ ಕೆಲಸ ಕೊಡಿ, ಮುಖ ತಾನಾಗಿ ಬಿಡಿಸಿಕೊಳ್ಳುತ್ತದೆ. ನಗಿ ಎನ್ನಬೇಡಿ. ನಿಮಗೆ ಬೇಕಾದ ಭಂಗಿಯನ್ನು ಮೊದಲು ನೀವು ನಿಂತು ತೋರಿಸಿ. ಎಡ, ಬಲ ಎಂದರೆ ನಿಮ್ಮ ಎಡವೋ ನನ್ನ ಎಡವೋ ಎಂದು ಗೊಂದಲವಾಗುತ್ತದೆ, ನಮ್ಮೂರಿನವರ ಹಾಗೆ "ಸ್ವಲ್ಪ ಪಡುವಲಕ್ಕೆ ತಿರುಗಿ" ಎನ್ನಿ. ಚೆನ್ನಾಗಿ ಬಂದಾಗ ಬಾಯಿಬಿಟ್ಟು ಹೇಳಿ. ಕ್ಯಾಮೆರಾದ ಹಿಂದಿನ ಮೌನ ನಮ್ಮನ್ನು ಬಹಳ ಹೆದರಿಸುತ್ತದೆ.

ಅಂಕೋಲೆ ಮಾಸ್ತರ

ಅಕ್ಕ ಬರೆದದ್ದನ್ನು ಓದಿ ನನ್ನದೊಂದು ಮಾತು ಸೇರಿಸಬೇಕೆನಿಸಿತು. ಅವರಿಗೆ ಹಣವಾದರೂ ಸಿಗುತ್ತಿತ್ತು, ಒಲ್ಲೆ ಎನ್ನುವ ದಾರಿಯಾದರೂ ಇತ್ತು. ನಮ್ಮ ತಾಲೂಕಿನಲ್ಲಿ ರೂಪದರ್ಶಿಗಳಲ್ಲದವರನ್ನು ರೂಪದರ್ಶಿಗಳನ್ನಾಗಿ ಮಾಡುವ ಗುಂಪು ಶೂಟ್‌ಗಳು ನಡೆಯುತ್ತವೆ.

ಸುಕ್ರಿ ಬೊಮ್ಮಗೌಡರಿಗೆ, ಆಮೇಲೆ ತುಳಸಿ ಗೌಡರಿಗೆ ಪದ್ಮಶ್ರೀ ಬಂದಾಗ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರ ಮಣಿಸರದ ಚಿತ್ರ ದೇಶವೆಲ್ಲ ನೋಡಿತು. ಒಬ್ಬರು ಹಾಡಿಗೆ, ಒಬ್ಬರು ಗಿಡ ಬೆಳೆಸಿದ್ದಕ್ಕೆ ಗೌರವ ಪಡೆದವರು. ಆದರೆ ಕ್ಯಾಮೆರಾದವರ ಕಣ್ಣಿಗೆ ಉಳಿದದ್ದು ಮಣಿಸರ ಮಾತ್ರ. ನನ್ನ ಶಾಲೆಯ ಹತ್ತಿರದ ಕೊಪ್ಪದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಒಂದು ಭಾನುವಾರ ಹೊರಗಿನಿಂದ ಒಂದು ತಂಡ ಬಂದು ಅವರನ್ನು ಅಂಗಳದಲ್ಲಿ ಕೂರಿಸಿತು. ಪೆಟ್ಟಿಗೆಯಲ್ಲಿದ್ದ ಸರಗಳನ್ನೆಲ್ಲ ಹಾಕಿಕೊಳ್ಳಿ ಎಂದರು, ಹಾಕಿಕೊಂಡರು. ಕನ್ನಡಕ ತೆಗೆಯಿರಿ ಎಂದರು. ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕೊಟ್ಟ ಕನ್ನಡಕ ಅದು. ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಎದುರಿಗೆ ಯಾರಿದ್ದಾರೆಂದು ಕಾಣದೆ ಹುಬ್ಬು ಗಂಟಿಕ್ಕಿ ಕುಳಿತರು. ಆ ಗಂಟನ್ನೇ ಮುಖದಲ್ಲಿನ ಭಾವ ಎಂದು ಎಲ್ಲರೂ ತೆಗೆದರು. ಹೋಗುವಾಗ ಇನ್ನೂರು ರೂಪಾಯಿ ಕೈಗಿಟ್ಟರು.

ಆ ಮೇಲೆ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ಮಾಸ್ತರೇ, ಫೋಟೋ ಬಂತೇ?" ಎಂಟು ತಿಂಗಳು ಕೇಳಿದರು. ಕೊನೆಗೆ ನಾನೇ ನನ್ನ ಮೊಬೈಲಿನಲ್ಲಿ ಕನ್ನಡಕ ಹಾಕಿದ ಒಂದು ಫೋಟೋ ತೆಗೆದು ಅಂಕೋಲೆಯಲ್ಲಿ ಮುದ್ರಿಸಿ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ಗುಮಾಸ್ತರೇ, ಮೂರು ಸಾವಿರದಲ್ಲಿ ಎಷ್ಟು ಮುದ್ರಿತ ಫೋಟೋ ಬರುತ್ತವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಶಿರಸಿ ಸ್ಟುಡಿಯೋ

ಮಾಸ್ತರರ ಮಾತಿಗೆ ಕೈ ಮುಗಿದೆ. ಮದುವೆಯ ಆಲ್ಬಂ ಬಿಟ್ಟರೆ ನಾನೂ ಎಷ್ಟೋ ಜನರಿಗೆ ಫೋಟೋ ಕಳುಹಿಸುತ್ತೇನೆ ಎಂದು ಹೇಳಿ ಕಳುಹಿಸಿಲ್ಲ. ಈ ವಾರ ಹಳೆಯ ಹಾರ್ಡ್‌ಡಿಸ್ಕ್ ತೆರೆದು ಕುಳಿತಿದ್ದೇನೆ.

ಗುಮಾಸ್ತರೇ, ಕೈಗೆ ಕೆಲಸ ಇರುವ ಮುಖಗಳು ಬೇಕಾದರೆ ಯಕ್ಷಗಾನದ ಬಣ್ಣದ ಮನೆಯಾದ ಚೌಕಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಆಟ ಶುರುವಾಗುವ ಎರಡು ಗಂಟೆ ಮೊದಲು ಹೋಗಿ, ಭಾಗವತರನ್ನೋ ಮೇಳದ ಹಿರಿಯರನ್ನೋ ಕಂಡು ಅನುಮತಿ ಕೇಳಿ. ಕಲಾವಿದರು ಪುಟ್ಟ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಾರೆ. ಹುಬ್ಬು ಬರೆಯುವಾಗ ಉಸಿರು ಹಿಡಿಯುತ್ತಾರೆ, ಮುಂಡಾಸು ಬಿಗಿಯುವಾಗ ಹಲ್ಲು ಕಚ್ಚುತ್ತಾರೆ. ನಿಮ್ಮ ಕಡೆ ಯಾರೂ ನೋಡುವುದಿಲ್ಲ, ಆದ್ದರಿಂದ ನೀವೂ ಹೆದರಬೇಕಾಗಿಲ್ಲ. ತಲೆಯ ಮೇಲೆ ತೂಗುವ ಬಲ್ಬಿನ ಬೆಳಕು ಸಾಕು, ನಿಮ್ಮ 50 ಎಂಎಂ ಲೆನ್ಸನ್ನು ಎಫ್ 2ಕ್ಕೆ ಇಟ್ಟು ಐಎಸ್‌ಒ 1600 ಮಾಡಿ. ಫ್ಲ್ಯಾಷ್ ಹೊಡೆಯಲೇಬೇಡಿ, ಬಣ್ಣ ಹಚ್ಚುವ ಕೈ ಬೆಚ್ಚಿದರೆ ಗೆರೆ ಕೆಡುತ್ತದೆ. ನಾಲ್ಕು ಆಟ ಹೀಗೆ ನೋಡಿದರೆ ಐದನೆಯದಕ್ಕೆ ಅವರೇ ನಿಮ್ಮನ್ನು ಮಾತನಾಡಿಸುತ್ತಾರೆ.

ಆದರೆ ಅದಕ್ಕೂ ಮೊದಲು ಮನೆಯವರಿಂದ ಆರಂಭಿಸಿ.

ಕುಮಟೆಯ ಗುಮಾಸ್ತ

ಹದಿನೈದು ದಿನಗಳ ಮೇಲೆ ಬರೆಯುತ್ತಿದ್ದೇನೆ. ಆಯೋಜಕರಿಗೆ ಫೋನ್ ಮಾಡಿ ಎಲ್ಲವನ್ನೂ ಕೇಳಿದೆ. ಅವರು ಏನನ್ನೂ ಮುಚ್ಚಿಡದೆ ಉತ್ತರಿಸಿದರು. ಟ್ರಿಗರ್ ಕ್ಯಾನನ್‌ಗೆ ಮಾತ್ರ. ರೂಪದರ್ಶಿಗೆ ಬಟ್ಟೆ ಬದಲಿಸಲು ಕೊಠಡಿ ಗೊತ್ತುಮಾಡಿದ್ದಾರೆ. ಲಿಖಿತ ಒಪ್ಪಿಗೆಯ ಬಗ್ಗೆ ಅವರು ಯೋಚಿಸಿರಲಿಲ್ಲ, ಇನ್ನು ಮುಂದೆ ಮಾಡುತ್ತೇವೆ ಎಂದರು. ಹದಿನಾಲ್ಕನ್ನು ಏಳೇಳು ಮಾಡಬಹುದೇ ಎಂದು ಕೇಳಿದ್ದಕ್ಕೆ, ಹಾಗೆ ಮಾಡಿದರೆ ಖರ್ಚು ಹೊಂದುವುದಿಲ್ಲ ಎಂದರು. ಅದೂ ನಿಜವೇ. ನಾನು ಈ ಬಾರಿ ಹಣ ಕಟ್ಟಲಿಲ್ಲ. ಕೋಡಿಬಾಗದವರು ಐದು ಜನರ ಬೆಳಗಿನ ಶೂಟ್ ಏರ್ಪಡಿಸಿದರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಮಿರ್ಜಾನದಲ್ಲಿ ನನ್ನ ಸೋದರತ್ತೆ ಇದ್ದಾರೆ. ದಿನವೂ ಬೆಳಿಗ್ಗೆ ಜಗುಲಿಯಲ್ಲಿ ಕುಳಿತು ಅಬ್ಬಲಿಗೆ (ಕನಕಾಂಬರ) ಹೂವಿನ ದಂಡೆ ಕಟ್ಟಿ ಪೇಟೆಗೆ ಕೊಡುತ್ತಾರೆ. ಕಳೆದ ಮೂರು ಭಾನುವಾರ ಏಳೂವರೆಯ ಹೊತ್ತಿಗೆ ಅಲ್ಲಿಗೆ ಹೋಗಿದ್ದೆ. ಜಗುಲಿ ಮೂಡಣಕ್ಕೆ ತೆರೆದಿದೆ. ಎದುರಿನ ಕುರ್ಚಿಯ ಬೆನ್ನಿಗೆ ಮಾವನ ಬಿಳಿ ಪಂಚೆ ಹರವಿದೆ. ಮೊದಲ ಭಾನುವಾರ ಅತ್ತೆ ಸೀರೆ ಬದಲಿಸಿ ಬಂದು ನೆಟ್ಟಗೆ ಕುಳಿತುಬಿಟ್ಟರು, ಅದೇ ಗುರುತಿನ ಚೀಟಿಯ ಮುಖ. ನಾನು ಕ್ಯಾಮೆರಾ ಇಟ್ಟು ದಂಡೆ ಕಟ್ಟುವುದನ್ನು ಕಲಿಸಿ ಎಂದೆ. ಬಾಳೆಯ ನಾರನ್ನು ನೀರಿನಲ್ಲಿ ಅದ್ದಿ ಸೀಳುವುದು, ಹೂವಿನ ತೊಟ್ಟುಗಳನ್ನು ಎದುರುಬದುರು ಇಟ್ಟು ಬೆರಳಲ್ಲೇ ಕುಣಿಕೆ ಹಾಕುವುದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ. ನನ್ನ ಕುಣಿಕೆ ಬಿಚ್ಚಿಹೋದಾಗಲೆಲ್ಲ ಅತ್ತೆ ನಗುತ್ತಾರೆ.

ಮೂರನೆಯ ಭಾನುವಾರದ ಇಪ್ಪತ್ತಮೂರನೆಯ ಚಿತ್ರದಲ್ಲಿ ಅವರು ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣೆತ್ತಿ "ಮುಗಿಯಿತೇ?" ಎನ್ನುವಂತೆ ನನ್ನನ್ನು ನೋಡಿದ್ದಾರೆ. ದೊಡ್ಡದು ಮಾಡಿ ನೋಡಿದೆ. ಕಣ್ಣಿನ ಕಪ್ಪಿನೊಳಗೆ ಜಗುಲಿಯ ಎರಡು ಕಂಬ, ಪಂಚೆಯ ಬಿಳುಪು, ನಡುವೆ ಒಬ್ಬನೇ ಒಬ್ಬ ಕುಳಿತಿದ್ದಾನೆ.

ಒಂದು ತಾಂತ್ರಿಕ ಪ್ರಶ್ನೆ ಉಳಿದಿದೆ. ಮಡಿಲಿನ ಬುಟ್ಟಿಯ ಅಬ್ಬಲಿಗೆಯಿಂದ ಕಿತ್ತಳೆ ಬಣ್ಣ ಗದ್ದದ ಕೆಳಗೆ ಪ್ರತಿಫಲಿಸಿದೆ. ವೈಟ್ ಬ್ಯಾಲೆನ್ಸ್ (ಚಿತ್ರದ ಒಟ್ಟು ಬಣ್ಣದ ಹೊಂದಾಣಿಕೆ) ಬದಲಿಸಿದರೆ ಉಳಿದ ಮುಖ ನೀಲಿಯಾಗುತ್ತದೆ. ಏನು ಮಾಡಲಿ?

ಶಿರಸಿ ಸ್ಟುಡಿಯೋ

ಏನೂ ಮಾಡಬೇಡಿ, ಆ ಬಣ್ಣ ಅಲ್ಲಿ ಇರಬೇಕಾದದ್ದೇ. ಮುಂದಿನ ಸಲ ಕಡಿಮೆ ಬೇಕೆನಿಸಿದರೆ ಬುಟ್ಟಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ. ಹೊಳಪಿಲ್ಲದ ಕಾಗದದಲ್ಲಿ 8×12 ಅಳತೆಗೆ ಎರಡು ಪ್ರತಿ ಮುದ್ರಿಸಿ, ಒಂದು ಅತ್ತೆಗೆ.